ಒಂದೇ ವಿಳಾಸ, ಹಲವು ಪ್ರತಿ: ವೆಬ್ ಸರ್ವರ್ ಯಾರಿಗೆ ಯಾವುದನ್ನು ಕೊಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಕಳಸದ ಕಡೆ ಹೋಂಸ್ಟೇ, ಕಾಫಿ ಕ್ಯೂರಿಂಗ್, ಸಹಕಾರ ಸಂಘ, ಶಾಲೆಗಳ ವೆಬ್‌ಸೈಟ್ ನೋಡಿಕೊಳ್ಳುವವರಿಗಾಗಿ ಈ ಪುಟ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿಗಳ 50 ಕೆ.ಜಿ. ಚೀಲದ ದಿನದ ದರ ತೋರಿಸುವ ‘ದರ’ ಎಂಬ ಪುಟ. ಅದು ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಪ್ರಿಂಟ್ ತೆಗೆಯಲು ಪಿಡಿಎಫ್ ಇದೆ, ಮೊಬೈಲ್ ಆ್ಯಪ್‌ಗೆ ಜೇಸನ್ (ಪ್ರೋಗ್ರಾಮುಗಳು ಓದುವ ಡೇಟಾ ಫೈಲು) ಇದೆ.

ಹೆಡರ್, ಫೈಲು, ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ಮಾತ್ರ ಅವನ್ನು ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ವಿಳಾಸ ಒಂದೇ ಆದ ಮೇಲೆ, ಯಾರಿಗೆ ಯಾವ ಪ್ರತಿ ಬೇಕೆಂದು ಸರ್ವರ್‌ಗೆ ಗೊತ್ತಾಗುವುದು ಹೇಗೆ?

ಕೇಳುವವರೇ ಹೇಳುತ್ತಾರೆ. ಬ್ರೌಸರು ಪ್ರತಿ ಸಲ ಪುಟ ಕೇಳುವಾಗಲೂ ಜೊತೆಗೆ ತನ್ನ ಬೇಕುಬೇಡ ತಿಳಿಸುವ ಸಣ್ಣ ಸಾಲುಗಳನ್ನು, ಅಂದರೆ ಕೆಲವು ಹೆಡರ್‌ಗಳನ್ನು ಕಳಿಸುತ್ತದೆ. ಯಾವ ಬಗೆಯ ಫೈಲು ನಡೆಯುತ್ತದೆ ಎನ್ನುವುದು ‘ಅಕ್ಸೆಪ್ಟ್’ ಹೆಡರ್‌ನಲ್ಲಿರುತ್ತದೆ, ಯಾವ ಭಾಷೆ ಬೇಕು ಎನ್ನುವುದು ‘ಅಕ್ಸೆಪ್ಟ್-ಲ್ಯಾಂಗ್ವೇಜ್’‌ನಲ್ಲಿ, ಯಾವ ರೀತಿ ಕುಗ್ಗಿಸಿ ಕಳಿಸಿದರೆ ಬಿಚ್ಚಬಲ್ಲೆ ಎನ್ನುವುದು ‘ಅಕ್ಸೆಪ್ಟ್-ಎನ್‌ಕೋಡಿಂಗ್’‌ನಲ್ಲಿ. ‘ಅಕ್ಸೆಪ್ಟ್-ಚಾರ್‌ಸೆಟ್’ ಎಂಬ, ಅಕ್ಷರ ಸಂಕೇತ ಯಾವುದು ಬೇಕೆಂದು ಹೇಳುವ ನಾಲ್ಕನೆಯದೂ ಒಂದಿತ್ತು. ಈಗಿನ ಬ್ರೌಸರುಗಳು ಅದನ್ನು ಕಳಿಸುವುದಿಲ್ಲ, 2022ರ ಎಚ್‌ಟಿಟಿಪಿ ನಿಯಮಾವಳಿಯಾದ ಆರ್‌ಎಫ್‌ಸಿ 9110 ಕೂಡ ಅದನ್ನು ಬಿಟ್ಟುಬಿಡಿ ಎನ್ನುತ್ತದೆ.

ಸರ್ವರು ಈ ಬೇಡಿಕೆಯನ್ನು ತನ್ನ ಬಳಿ ಇರುವ ಪ್ರತಿಗಳ ಎದುರಿಗಿಟ್ಟು ನೋಡಿ ಒಂದನ್ನು ಆರಿಸುತ್ತದೆ. ಇದಕ್ಕೆ ಕಂಟೆಂಟ್ ನೆಗೋಷಿಯೇಷನ್ ಎನ್ನುತ್ತಾರೆ. ಸರ್ವರು ಹೊಸದಾಗಿ ಏನನ್ನೂ ಅನುವಾದ ಮಾಡುವುದಿಲ್ಲ. ನೀವು ಬರೆದಿಟ್ಟ ಪ್ರತಿಗಳಲ್ಲಿ ಒಂದನ್ನು ಆಯ್ದು ಕೊಡುತ್ತದೆ, ಅಷ್ಟೇ.

ಹೆಡರ್‌ನಲ್ಲಿ ‘ಕ್ಯೂ=0.8’ ಅಂತ ಇರುತ್ತದಲ್ಲ, ಅದೇನು?

ಇಷ್ಟದ ತೂಕ. ಒಂದು ಮಾದರಿ ನೋಡಿ:

ಅಕ್ಸೆಪ್ಟ್-ಲ್ಯಾಂಗ್ವೇಜ್: ಕೆಎನ್-ಐಎನ್, ಕೆಎನ್;ಕ್ಯೂ=0.9, ಇಎನ್;ಕ್ಯೂ=0.8

ಭಾರತದ ಕನ್ನಡ ಸಿಕ್ಕರೆ ಬಹಳ ಒಳ್ಳೆಯದು, ಬರೀ ಕನ್ನಡ ಎಂದಿದ್ದರೂ ಆದೀತು, ಅದೂ ಇಲ್ಲದಿದ್ದರೆ ಇಂಗ್ಲಿಷ್ ಕೊಡಿ ಎಂದು ಇದರ ಅರ್ಥ. ಕ್ಯೂ ಬರೆಯದಿದ್ದರೆ 1 ಎಂದು ಲೆಕ್ಕ. ಬೆಲೆ 0ಯಿಂದ 1ರವರೆಗೆ, ಬಿಂದುವಿನ ನಂತರ ಹೆಚ್ಚೆಂದರೆ ಮೂರು ಅಂಕಿ. ‘ಕ್ಯೂ=0’ ಎಂದರೆ ಕಡಿಮೆ ಇಷ್ಟ ಎಂದಲ್ಲ, ಬೇಡವೇ ಬೇಡ ಎಂದು. ಕೈಯಾರೆ ಬರೆದ ಪ್ರೋಗ್ರಾಮುಗಳು ಎಡವುವುದು ಹೆಚ್ಚಾಗಿ ಈ ಸೊನ್ನೆಯ ಹತ್ತಿರ.

ಹೆಡರೇ ಇಲ್ಲದಿದ್ದರೆ ಏನು ಕೊಟ್ಟರೂ ಸರಿ ಎಂದು ತಿಳಿಯಬೇಕು.

ನಮ್ಮ ಸೈಟಿನಲ್ಲಿ ಕನ್ನಡ ಪುಟ ಇದೆ. ಆದರೂ ನಮ್ಮೂರಿನವರ ಫೋನಿನಲ್ಲೇ ಇಂಗ್ಲಿಷ್ ಬರುತ್ತದಲ್ಲ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಇದರಲ್ಲಿ ಸರ್ವರಿನ ತಪ್ಪೇನೂ ಇಲ್ಲ. ಬ್ರೌಸರು ಹೇಳುವುದು ಫೋನಿನಲ್ಲಿ ಹೊಂದಿಸಿದ ಭಾಷೆಯನ್ನು. ಫೋನಿನ ಮಾಲೀಕರು ಮನೆಯಲ್ಲಿ ಓದುವ ಭಾಷೆ ಅದಕ್ಕೆ ಗೊತ್ತಿಲ್ಲ. ದಿನಾ ಕನ್ನಡ ಪೇಪರ್ ಓದುವ ಎಷ್ಟೋ ಬೆಳೆಗಾರರ ಫೋನು ಅಂಗಡಿಯಿಂದ ಬಂದ ಹಾಗೆ ಇಂಗ್ಲಿಷಿನಲ್ಲೇ ಇರುತ್ತದೆ. ಅಂಥ ಫೋನು ‘ಇಎನ್-ಐಎನ್’ ಅನ್ನು ಮೊದಲಿಟ್ಟು ಕಳಿಸುತ್ತದೆ. ಎಷ್ಟೋ ಸಲ ಪಟ್ಟಿಯಲ್ಲಿ ಕನ್ನಡದ ಸುಳಿವೇ ಇರುವುದಿಲ್ಲ. ಸರ್ವರು ನಿಯಮದಂತೆ ನಡೆದು ಇಂಗ್ಲಿಷ್ ಪ್ರತಿ ಕೊಡುತ್ತದೆ.

ಓದುಗರು ತಮ್ಮ ಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜಸ್‌ಗೆ ಹೋಗಿ, ಕನ್ನಡ ಸೇರಿಸಿ, ಪಟ್ಟಿಯ ಮೇಲಕ್ಕೆ ತಂದರೆ ಸಾಕು. ಆದರೆ ಓದುವವರೆಲ್ಲ ಇದನ್ನು ಮಾಡಲಿ ಎಂದು ಕಾಯುವುದು ಸೈಟು ನಡೆಸುವವರಿಗೆ ಸಲ್ಲದು. ನಮ್ಮ ಗಟ್ಟಿ ಅಭಿಪ್ರಾಯ ಹೀಗಿದೆ: ಫೈಲಿನ ಬಗೆ, ಕುಗ್ಗಿಸುವಿಕೆ, ಚಿತ್ರದ ರೂಪ, ಇವನ್ನು ಸರ್ವರ್‌ಗೆ ಬಿಡಿ, ಬ್ರೌಸರು ಅಲ್ಲಿ ಸುಳ್ಳು ಹೇಳುವುದಿಲ್ಲ. ಭಾಷೆಯ ವಿಷಯದಲ್ಲಿ ಹೆಡರ್ ಒಂದು ಊಹೆ ಮಾತ್ರ. ಪ್ರತಿ ಪುಟದ ಮೇಲ್ಭಾಗದಲ್ಲಿ ‘ಕನ್ನಡ’, ‘ಇಂಗ್ಲಿಷ್’ ಎಂಬ ಕೊಂಡಿ ಕಣ್ಣಿಗೆ ಬೀಳುವಂತೆ ಇರಲೇಬೇಕು. ಓದುಗರು ಒಮ್ಮೆ ಆರಿಸಿದರೆ ಅದೇ ಕೊನೆಯ ಮಾತು.

ಅಪಾಚೆ ಸರ್ವರಿನಲ್ಲಿ ಇದನ್ನು ಶುರು ಮಾಡುವುದು ಹೇಗೆ?

ಎರಡು ದಾರಿ ಇದೆ. ಸುಲಭದ್ದು ಮಲ್ಟಿವ್ಯೂಸ್. ‘ದರ.ಎಚ್‌ಟಿಎಂಎಲ್.ಕೆಎನ್’ ಮತ್ತು ‘ದರ.ಎಚ್‌ಟಿಎಂಎಲ್.ಇಎನ್’ ಎಂದು ಎರಡು ಫೈಲು ಇಡಿ. ಎಚ್‌ಟಿಆಕ್ಸೆಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಈ ನಾಲ್ಕು ಸಾಲು ಹಾಕಿ:

ಆಪ್ಷನ್ಸ್ +ಮಲ್ಟಿವ್ಯೂಸ್
ಆ್ಯಡ್‌ಲ್ಯಾಂಗ್ವೇಜ್ ಕೆಎನ್ .ಕೆಎನ್
ಲ್ಯಾಂಗ್ವೇಜ್‌ಪ್ರಯಾರಿಟಿ ಕೆಎನ್ ಇಎನ್
ಫೋರ್ಸ್‌ಲ್ಯಾಂಗ್ವೇಜ್‌ಪ್ರಯಾರಿಟಿ ಪ್ರಿಫರ್ ಫಾಲ್‌ಬ್ಯಾಕ್

ಕೊಂಡಿ ಕೊಡುವಾಗ ಬಾಲವಿಲ್ಲದೆ ಬರೀ ‘ದರ’ ಎಂದು ಕೊಡಿ. ಆ ಹೆಸರಿನ ಫೈಲು ನೇರವಾಗಿ ಸಿಗದಾಗ ಅಪಾಚೆ ‘ದರ’ದಿಂದ ಶುರುವಾಗುವ ಫೈಲುಗಳನ್ನೆಲ್ಲ ಹುಡುಕಿ, ಬಾಲದಿಂದ ಭಾಷೆ ಮತ್ತು ಬಗೆ ಗುರುತಿಸಿ, ಒಂದನ್ನು ಆರಿಸುತ್ತದೆ.

ಕೊನೆಯ ಎರಡು ಸಾಲುಗಳು ಮುಖ್ಯ. ಎರಡೂ ಪ್ರತಿ ಸಮಸಮ ಬಂದಾಗ ಪ್ರಯಾರಿಟಿ ಪಟ್ಟಿಯಂತೆ ಒಂದನ್ನು ಕೊಡು ಎನ್ನುವುದು ‘ಪ್ರಿಫರ್’. ಅದಿಲ್ಲದಿದ್ದರೆ ಓದುಗರಿಗೆ 300 ಎಂಬ ಉತ್ತರ, ಅಂದರೆ ‘ನೀವೇ ಆರಿಸಿ’ ಎಂಬ ಒರಟು ಪಟ್ಟಿ ಬರುತ್ತದೆ. ಕೇಳಿದ ಭಾಷೆ ಯಾವುದೂ ಇಲ್ಲದಿದ್ದರೂ ಬರಿಗೈಲಿ ಕಳಿಸಬೇಡ ಎನ್ನುವುದು ‘ಫಾಲ್‌ಬ್ಯಾಕ್’. ಬೇಲೂರು, ಹಳೇಬೀಡು ನೋಡಿಕೊಂಡು ಚಿಕ್ಕಮಗಳೂರಿಗೆ ಬರುವ ಫ್ರೆಂಚ್ ಪ್ರವಾಸಿಯ ಬ್ರೌಸರು ಫ್ರೆಂಚ್ ಒಂದನ್ನೇ ಕೇಳಿತು ಎನ್ನಿ. ಫಾಲ್‌ಬ್ಯಾಕ್ ಹಾಕದಿದ್ದರೆ ನಿಮ್ಮ ಹೋಂಸ್ಟೇ ಪುಟದ ಬದಲು ಅವರಿಗೆ ಕಾಣುವುದು 406 ದೋಷ. ಆದರೆ ಮೇಲಿನ ಪಟ್ಟಿಯಂತೆ ಅವರಿಗೆ ಸಿಗುವುದು ಕನ್ನಡ ಪ್ರತಿ. ಹೊರಗಿನವರೇ ಹೆಚ್ಚು ಬರುವ ಸೈಟಾದರೆ ಪಟ್ಟಿಯಲ್ಲಿ ಇಎನ್ ಅನ್ನು ಮೊದಲಿಡಿ, ಬೆಳೆಗಾರರ ಸೈಟಾದರೆ ಕೆಎನ್ ಮೊದಲಿರಲಿ.

ಎಲ್ಲ ಹೇಳಿದಂತೆ ಹಾಕಿದೆವು, ಕೆಲಸ ಮಾಡುತ್ತಿಲ್ಲ.

ಕನ್ನಡ ಪ್ರತಿ ಇದ್ದೂ ಇಲ್ಲದಂತೆ ಆಗಿದ್ದರೆ ‘ಆ್ಯಡ್‌ಲ್ಯಾಂಗ್ವೇಜ್’ ಸಾಲು ಬಿಟ್ಟುಹೋಗಿರುತ್ತದೆ. ಅಪಾಚೆಯ ಜೊತೆ ಬರುವ ಭಾಷೆಗಳ ಫೈಲಿನಲ್ಲಿ ಜಪಾನಿ ಇದೆ, ಎಸ್ಪೆರಾಂಟೊ ಇದೆ, ಕನ್ನಡ ಇಲ್ಲ. ಗೊತ್ತಿಲ್ಲದ ಬಾಲವಿರುವ ಫೈಲನ್ನು ಮಲ್ಟಿವ್ಯೂಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೈಟು ಪೂರ್ತಿ 500 ದೋಷ ಕೊಟ್ಟರೆ, ಎಚ್‌ಟಿಆಕ್ಸೆಸ್‌ನಲ್ಲಿ ‘ಆಪ್ಷನ್ಸ್’ ಬರೆಯಲು ಹೋಸ್ಟಿಂಗ್‌ನವರು ಅನುಮತಿ ಕೊಟ್ಟಿಲ್ಲ ಎಂದು ಅರ್ಥ. ಮುಖ್ಯ ಕಾನ್ಫಿಗ್‌ನಲ್ಲಿ ‘ಅಲೌಓವರ್‌ರೈಡ್’‌ಗೆ ಆಪ್ಷನ್ಸ್ ಮತ್ತು ಫೈಲ್‌ಇನ್ಫೋ ಎರಡೂ ಸೇರಬೇಕು. ‘ಆಪ್ಷನ್ಸ್ ಆಲ್’ ಎಂದು ಬರೆದರೆ ಮಲ್ಟಿವ್ಯೂಸ್ ತಾನಾಗಿ ಬರುವುದಿಲ್ಲ, ಅದನ್ನು ಹೆಸರು ಹಿಡಿದೇ ಕರೆಯಬೇಕು.

ಫೈಲಿಗೆ ‘ದರ.ಕೆಎನ್.ಎಚ್‌ಟಿಎಂಎಲ್’ ಎಂದು ಹೆಸರಿಟ್ಟು, ಕೊಂಡಿಯಲ್ಲಿ ‘ದರ.ಎಚ್‌ಟಿಎಂಎಲ್’ ಎಂದು ಕೇಳಿದರೆ 404 ಬರುತ್ತದೆ. ಕೇಳಿದ ಹೆಸರು ಫೈಲಿನ ಹೆಸರಿನ ಆರಂಭಕ್ಕೆ ಅಕ್ಷರಶಃ ಹೊಂದಬೇಕು.

ಇನ್ನೊಂದು ಸಿಕ್ಕು ರೀರೈಟ್ ನಿಯಮಗಳದ್ದು. ‘ಸಂಪರ್ಕ’ ಎಂಬ ವಿಳಾಸವನ್ನು ಪುಟಗಳನ್ನು ನಿರ್ವಹಿಸುವ ತಂತ್ರಾಂಶವಾದ ನಿಮ್ಮ ಸಿಎಂಎಸ್‌ಗೆ ತಿರುಗಿಸುವ ನಿಯಮವಿದ್ದು, ಅದೇ ಜಾಗದಲ್ಲಿ ‘ಸಂಪರ್ಕ.ಪಿಎಚ್‌ಪಿ’ ಎಂಬ ಹಳೆಯ ಫೈಲೂ ಉಳಿದಿದ್ದರೆ, ಮಲ್ಟಿವ್ಯೂಸ್ ಮಧ್ಯೆ ಬಂದು ಆ ಹಳೆಯ ಫೈಲನ್ನು ಎತ್ತಿಕೊಡುತ್ತದೆ. ಸಿಎಂಎಸ್ ಓಡುವ ಜಾಗದಲ್ಲಿ ಮಲ್ಟಿವ್ಯೂಸ್ ಆಫ್ ಮಾಡಿಡುವುದೇ ಲೇಸು.

ಎರಡನೇ ದಾರಿ ಯಾವುದು? ಪಿಡಿಎಫ್, ಜೇಸನ್ ಕೂಡ ಸೇರಿದರೆ ಆಯ್ಕೆ ಹೇಗೆ?

ಟೈಪ್-ಮ್ಯಾಪ್ ಎಂಬ ಪಟ್ಟಿ ಫೈಲು. ‘ಆ್ಯಡ್‌ಹ್ಯಾಂಡ್ಲರ್ ಟೈಪ್-ಮ್ಯಾಪ್ .ವಿಎಆರ್’ ಎಂದು ಹೇಳಿ, ‘ದರ.ವಿಎಆರ್’ ಫೈಲಿನಲ್ಲಿ ಒಂದೊಂದು ಪ್ರತಿಗೂ ಯುಆರ್‌ಐ, ಬಗೆ, ಭಾಷೆ ಬರೆಯಬೇಕು. ಒಂದು ಪ್ರತಿಯ ವಿವರ ಮುಗಿದ ಮೇಲೆ ಖಾಲಿ ಸಾಲು ಬಿಡಬೇಕು. ವಿವರದ ಒಳಗೆ ಖಾಲಿ ಸಾಲು ಬಂದರೆ ಪ್ರತಿ ಅಲ್ಲಿಗೇ ತುಂಡಾಗುತ್ತದೆ.

ಇದರ ಲಾಭ ‘ಕ್ಯೂಎಸ್’ ಎಂಬ ಇನ್ನೊಂದು ತೂಕ. ಕ್ಯೂ ಎನ್ನುವುದು ಕೇಳುವವರ ಇಷ್ಟ, ಕ್ಯೂಎಸ್ ಎನ್ನುವುದು ನಿಮ್ಮ ದೃಷ್ಟಿಯಲ್ಲಿ ಆ ಪ್ರತಿಯ ಗುಣಮಟ್ಟ. ಅಪಾಚೆ ಎರಡನ್ನೂ ಗುಣಿಸುತ್ತದೆ. ನಮ್ಮ ದರದ ಪುಟಕ್ಕೆ ಎಚ್‌ಟಿಎಂಎಲ್ 1.0, ಪಿಡಿಎಫ್ 0.6, ಜೇಸನ್ 0.4 ಎಂದು ಕ್ಯೂಎಸ್ ಕೊಟ್ಟಿದ್ದೇವೆ ಎಂದುಕೊಳ್ಳಿ.

ಬ್ರೌಸರು ಎಚ್‌ಟಿಎಂಎಲ್‌ಗೆ 1, ಉಳಿದ ಏನಿದ್ದರೂ 0.8 ಎನ್ನುತ್ತದೆ. ಎಚ್‌ಟಿಎಂಎಲ್ 1 × 1.0 = 1. ಪಿಡಿಎಫ್ 0.8 × 0.6 = 0.48. ಜೇಸನ್ 0.8 × 0.4 = 0.32. ಗೆದ್ದಿದ್ದು ಎಚ್‌ಟಿಎಂಎಲ್, ಸರಿಯಾಗಿಯೇ ಇದೆ.

ಈಗ ಆ್ಯಪ್ ಬಂತು. ಅದು ಕೇಳುವುದು: ಜೇಸನ್ 1, ಎಚ್‌ಟಿಎಂಎಲ್ 0.5. ಲೆಕ್ಕ ಹಾಕಿ: ಜೇಸನ್ 1 × 0.4 = 0.4, ಎಚ್‌ಟಿಎಂಎಲ್ 0.5 × 1.0 = 0.5. ಜೇಸನ್ ಬೇಕೆಂದು ಸ್ಪಷ್ಟವಾಗಿ ಕೇಳಿದ ಆ್ಯಪ್‌ಗೆ ಸಿಕ್ಕಿದ್ದು ಎಚ್‌ಟಿಎಂಎಲ್! ಆ್ಯಪ್ ಅದನ್ನು ಓದಲಾರದೆ ಖಾಲಿ ಪರದೆ ತೋರಿಸುತ್ತದೆ, ಬರೆದವರು ಸರ್ವರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಜೇಸನ್‌ನ ಕ್ಯೂಎಸ್ ಅನ್ನು 0.6ಕ್ಕೆ ಏರಿಸಿದರೆ ಆ್ಯಪ್‌ಗೆ 0.6, ಬ್ರೌಸರಿಗೆ 0.48 ಆಗಿ ಇಬ್ಬರಿಗೂ ಸರಿಯಾದದ್ದು ಸಿಗುತ್ತದೆ. ಆ್ಯಪ್ ನಿಮ್ಮದೇ ಆಗಿದ್ದರೆ ಅದು ಜೇಸನ್ ಒಂದನ್ನೇ ಕೇಳುವಂತೆ ತಿದ್ದುವುದು ಇನ್ನೂ ಚೊಕ್ಕ. ಕ್ಯೂಎಸ್ ಅನ್ನು ಬರೀ ‘ನಮಗೆ ಇದು ಅಷ್ಟು ಮುಖ್ಯವಲ್ಲ’ ಎಂಬ ಭಾವನೆಯಿಂದ ಇಳಿಸಬೇಡಿ, ಗುಣಾಕಾರ ಮಾಡಿ ನೋಡಿ.

ಎರಡು ಪ್ರತಿಗೆ ಒಂದೇ ಅಂಕ ಬಂದರೆ?

ಅಪಾಚೆ ಸರದಿಯಂತೆ ಸೋಸುತ್ತದೆ. ಮೊದಲು ಮೇಲಿನ ಗುಣಾಕಾರ, ಅದರಲ್ಲಿ ಗೆದ್ದವುಗಳಲ್ಲಿ ಭಾಷೆಯ ತೂಕ, ಆಮೇಲೆ ಹೆಡರ್‌ನಲ್ಲಿ ಭಾಷೆಗಳು ಬಂದ ಕ್ರಮ ಅಥವಾ ನಿಮ್ಮ ಪ್ರಯಾರಿಟಿ ಪಟ್ಟಿ, ನಂತರ ಅಕ್ಷರ ಸಂಕೇತ, ಕುಗ್ಗಿಸುವಿಕೆ. ಆಗಲೂ ತೀರ್ಮಾನವಾಗದಿದ್ದರೆ ಚಿಕ್ಕ ಫೈಲು ಗೆಲ್ಲುತ್ತದೆ. ಭಾಷೆಗಿಂತ ಮೊದಲು ಫೈಲಿನ ಬಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಎಚ್‌ಟಿಎಂಎಲ್ ಇಂಗ್ಲಿಷಿನಲ್ಲಿ ಮಾತ್ರ, ಪಿಡಿಎಫ್ ಕನ್ನಡದಲ್ಲಿ ಮಾತ್ರ ಇದ್ದರೆ, ಕನ್ನಡ ಮೊದಲು, ಇಂಗ್ಲಿಷ್ ಆಮೇಲೆ ಎಂದ ಬ್ರೌಸರಿಗೂ ಇಂಗ್ಲಿಷ್ ಎಚ್‌ಟಿಎಂಎಲ್ಲೇ ಹೋಗುತ್ತದೆ.

ಫೈಲಿಗೆ ‘ಕೆಎನ್’ ಎಂದು ಗುರುತು ಹಾಕಬೇಕೋ, ‘ಕೆಎನ್-ಐಎನ್’ ಎಂದೋ?

‘ಕೆಎನ್’ ಸಾಕು. ‘ಕೆಎನ್’ ಕೇಳಿದವರಿಗೆ ‘ಕೆಎನ್-ಐಎನ್’ ಪ್ರತಿ ಹೊಂದುತ್ತದೆ, ಆದರೆ ‘ಕೆಎನ್-ಐಎನ್’ ಮಾತ್ರ ಕೇಳಿದವರಿಗೆ ‘ಕೆಎನ್’ ಪ್ರತಿ ಕಟ್ಟುನಿಟ್ಟಿನ ಹೋಲಿಕೆಯಲ್ಲಿ ಹೊಂದುವುದಿಲ್ಲ. ಅಂಥ ಸಂದರ್ಭದಲ್ಲಿ ಅಪಾಚೆ ‘ಕೆಎನ್’ ಅನ್ನು ತೀರಾ ಕಡಿಮೆ ತೂಕದಲ್ಲಿ ಒಪ್ಪಿಕೊಳ್ಳುತ್ತದೆ. ಹಾಗಾಗಿ ಬ್ರೌಸರು ‘ಕೆಎನ್-ಐಎನ್ 0.9, ಎಚ್‌ಐ 0.8’ ಎಂದು ಕೇಳಿ, ನಿಮ್ಮಲ್ಲಿ ಬರೀ ‘ಕೆಎನ್’ ಮತ್ತು ಹಿಂದಿ ಪ್ರತಿ ಇದ್ದರೆ ಹಿಂದಿ ಹೋಗುತ್ತದೆ. ಈಗಿನ ಬ್ರೌಸರುಗಳು ಸಾಮಾನ್ಯವಾಗಿ ‘ಕೆಎನ್-ಐಎನ್’ ಜೊತೆಗೆ ‘ಕೆಎನ್’ ಅನ್ನೂ ಕಳಿಸುವುದರಿಂದ ಈ ತೊಂದರೆ ಅಪರೂಪ. ಹಳೆಯ ಆ್ಯಪ್‌ಗಳಲ್ಲಿ ಮಾತ್ರ ಎಚ್ಚರ.

ತುಳುವಿಗೆ ಎರಡಕ್ಷರದ ಸಂಕೇತ ಇಲ್ಲ, ‘ಟಿಸಿವೈ’ ಬಳಸಿ.

ಹೆಡರ್‌ನಲ್ಲಿ ‘ಕೆಎನ್’ ಇದೆಯೇ ಎಂದು ಹುಡುಕಿ ಕನ್ನಡ ಕೊಟ್ಟರೆ ಆಗದೇ?

ಆಗದು. ‘ಇಎನ್, ಕೆಎನ್;ಕ್ಯೂ=0.3’ ಎಂದವರಿಗೂ ಕನ್ನಡ ಹೋಗುತ್ತದೆ, ‘ಕ್ಯೂ=0’ ಎಂದವರಿಗೂ ಹೋಗುತ್ತದೆ. ಇನ್ನೂ ಸೂಕ್ಷ್ಮ ತಪ್ಪು ಕೊಂಕಣಿಯಲ್ಲಿದೆ. ಕೊಂಕಣಿಗೆ ‘ಕೆಒಕೆ’ ಎಂಬ ಮೂರಕ್ಷರದ ಸಂಕೇತವಿದೆ, ‘ಕೆಎನ್ಎನ್’ ಎಂಬ ಇನ್ನೊಂದೂ ಇದೆ. ಮೊದಲ ಎರಡಕ್ಷರ ನೋಡಿ ತೀರ್ಮಾನಿಸುವ ಪ್ರೋಗ್ರಾಮು ಮೊದಲನೆಯದನ್ನು ಕೊರಿಯನ್ ಎಂದುಕೊಳ್ಳುತ್ತದೆ, ಎರಡನೆಯದನ್ನು ಕನ್ನಡ ಎಂದುಕೊಳ್ಳುತ್ತದೆ. ‘ಕೆಎನ್’ ಆದ ಮೇಲೆ ಅಡ್ಡಗೆರೆ, ಅಲ್ಪವಿರಾಮ, ಅರ್ಧವಿರಾಮ ಅಥವಾ ಸಾಲಿನ ಕೊನೆ ಬಂದರೆ ಮಾತ್ರ ಅದು ಕನ್ನಡ. ನೀವು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಫ್ರೇಮ್‌ವರ್ಕ್‌ನಲ್ಲಿ ಈ ಹೆಡರ್ ಓದುವ ಸಿದ್ಧ ಸೌಲಭ್ಯ ಇದ್ದೇ ಇರುತ್ತದೆ. ಅದನ್ನೇ ಬಳಸಿ.

ನಮ್ಮದು ಎಂಜಿನ್‌ಎಕ್ಸ್ ಸರ್ವರು. ಅಲ್ಲಿ ಹೇಗೆ?

ಎಂಜಿನ್‌ಎಕ್ಸ್‌ನಲ್ಲಿ ಭಾಷೆ ಆರಿಸುವ ಒಳಸೌಲಭ್ಯವಿಲ್ಲ. ‘ಮ್ಯಾಪ್’ ಬ್ಲಾಕಿನಿಂದ ಕೆಲಸ ತೆಗೆಯಬೇಕು. ಹೆಡರ್ ಕೆಎನ್‌ನಿಂದ ಶುರುವಾದರೆ (ಮೇಲೆ ಹೇಳಿದ ಗಡಿಯೊಂದಿಗೆ) ಕೆಎನ್, ಇಎನ್‌ನಿಂದ ಶುರುವಾದರೆ ಇಎನ್, ಉಳಿದದ್ದಕ್ಕೆ ನಿಮ್ಮ ಡೀಫಾಲ್ಟ್. ಇದು ಮೊದಲ ಭಾಷೆಯನ್ನಷ್ಟೇ ನೋಡುತ್ತದೆ, ತೂಕ ಲೆಕ್ಕ ಹಾಕುವುದಿಲ್ಲ. ಬ್ರೌಸರುಗಳು ಇಷ್ಟದ ಕ್ರಮದಲ್ಲೇ ಪಟ್ಟಿ ಕಳಿಸುವುದರಿಂದ ಎರಡು ಭಾಷೆಯ ಸೈಟಿಗೆ ಇಷ್ಟು ಧಾರಾಳವಾಗಿ ಸಾಕು.

ಇದರ ಮೇಲೆ ಕುಕ್ಕಿಯ (ಓದುಗರ ಆಯ್ಕೆಯನ್ನು ಬ್ರೌಸರು ನೆನಪಿಟ್ಟುಕೊಳ್ಳುವ ಪುಟ್ಟ ಟಿಪ್ಪಣಿ) ಮ್ಯಾಪ್ ಇನ್ನೊಂದು ಬರೆಯಿರಿ: ಕುಕ್ಕಿಯಲ್ಲಿ ಕೆಎನ್ ಅಥವಾ ಇಎನ್ ಇದ್ದರೆ ಅದೇ, ಇಲ್ಲದಿದ್ದರೆ ಮೊದಲ ಮ್ಯಾಪಿನ ಉತ್ತರ. ಓದುಗರು ಕೈಯಾರೆ ಆರಿಸಿದ್ದು ಹೀಗೆ ಗೆಲ್ಲುತ್ತದೆ.

ಮೊದಲು ಕನ್ನಡ ಬರುತ್ತಿತ್ತು. ಸಿಡಿಎನ್ (ಪುಟಗಳ ನಕಲು ಇಟ್ಟುಕೊಂಡು ಹಂಚುವ ಮಧ್ಯವರ್ತಿ ಸೇವೆ) ಹಾಕಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬರುತ್ತಿದೆ, ಏಕೆ?

‘ವೇರಿ’ ಹೆಡರ್ ಇಲ್ಲ, ಅಥವಾ ಸಿಡಿಎನ್ ಅದನ್ನು ಲೆಕ್ಕಿಸುತ್ತಿಲ್ಲ.

ಮಧ್ಯದಲ್ಲಿರುವ ಕ್ಯಾಶ್‌ಗೆ, ಅಂದರೆ ನಕಲುಗಳ ಸಂಗ್ರಹಕ್ಕೆ, ವಿಳಾಸವೇ ಗುರುತು. ಬೆಳಿಗ್ಗೆ ಮೊದಲು ಪುಟ ತೆರೆದವರ ಬ್ರೌಸರು ಕನ್ನಡ ಕೇಳಿದ್ದರೆ ಕ್ಯಾಶ್ ಆ ಪ್ರತಿಯನ್ನು ಎತ್ತಿಟ್ಟುಕೊಂಡು, ಅವಧಿ ಮುಗಿಯುವವರೆಗೆ ಎಲ್ಲರಿಗೂ ಅದನ್ನೇ ಹಂಚುತ್ತದೆ. ‘ಈ ಉತ್ತರ ಅಕ್ಸೆಪ್ಟ್-ಲ್ಯಾಂಗ್ವೇಜ್ ನೋಡಿ ಆರಿಸಿದ್ದು, ಆ ಹೆಡರ್ ಬೇರೆಯಾದರೆ ಮತ್ತೆ ನನ್ನನ್ನೇ ಕೇಳು’ ಎಂದು ಕ್ಯಾಶ್‌ಗೆ ಹೇಳುವುದು ವೇರಿ. ಅಪಾಚೆ ತಾನೇ ನೆಗೋಷಿಯೇಟ್ ಮಾಡಿದಾಗ ಇದನ್ನು ತಾನೇ ಸೇರಿಸುತ್ತದೆ. ನೀವು ಪ್ರೋಗ್ರಾಮಿನಲ್ಲೋ ಎಂಜಿನ್‌ಎಕ್ಸ್ ಮ್ಯಾಪಿನಲ್ಲೋ ಆರಿಸಿದರೆ ನೀವೇ ಸೇರಿಸಬೇಕು.

ಎಂಜಿನ್‌ಎಕ್ಸ್‌ನಲ್ಲಿ ಇಲ್ಲೊಂದು ಎಡವಿ ಬೀಳುವ ಹೊಂಡ ಇದೆ. ‘ಆ್ಯಡ್_ಹೆಡರ್’ ಸಾಲುಗಳನ್ನು ಸರ್ವರ್ ಮಟ್ಟದಲ್ಲಿ ಬರೆದು, ಒಳಗಿನ ಯಾವುದೋ ‘ಲೊಕೇಷನ್’ ಬ್ಲಾಕಿನಲ್ಲಿ ಬೇರೊಂದು ‘ಆ್ಯಡ್_ಹೆಡರ್’ ಹಾಕಿದರೆ, ಆ ಲೊಕೇಷನ್‌ಗೆ ಮೇಲಿನವು ಯಾವುವೂ ಇಳಿದು ಬರುವುದಿಲ್ಲ. ವೇರಿ ಸದ್ದಿಲ್ಲದೆ ಮಾಯವಾಗುತ್ತದೆ.

ವೇರಿ ಸರಿ ಇದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಕ್ಯಾಶ್ ಹೆಡರ್‌ನ ಇಡೀ ಸಾಲನ್ನು ಹೋಲಿಸುತ್ತದೆ. ‘ಕೆಎನ್, ಇಎನ್’, ‘ಕೆಎನ್-ಐಎನ್, ಕೆಎನ್;ಕ್ಯೂ=0.9’, ‘ಕೆಎನ್, ಎಚ್‌ಐ, ಇಎನ್’ ಮೂರಕ್ಕೂ ಕೊಡುವುದು ಅದೇ ಕನ್ನಡ ಪುಟವಾದರೂ ಕ್ಯಾಶ್‌ನಲ್ಲಿ ಮೂರು ನಕಲು. ಹಾಗಾಗಿ ಕ್ಯಾಶ್‌ನ ಬಾಗಿಲಲ್ಲೇ ಆ ಸಾಲನ್ನು ‘ಕೆಎನ್’ ಅಥವಾ ‘ಇಎನ್’ ಎಂಬ ಒಂದೇ ಪದಕ್ಕೆ ಇಳಿಸಿ. ವಾರ್ನಿಶ್ ಎಂಬ ಕ್ಯಾಶ್ ತಂತ್ರಾಂಶದಲ್ಲಿ ಇದನ್ನು ಮಾಡುವುದು ಸಲೀಸು. ವೇರಿಗೆ ‘ಯೂಸರ್-ಏಜೆಂಟ್’ (ಯಾವ ಬ್ರೌಸರು, ಯಾವ ಫೋನು ಎಂದು ಹೇಳುವ ಹೆಡರ್) ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ಆ ಹೆಡರ್ ಫೋನಿಗೊಂದು ಬಗೆ ಇರುತ್ತದೆ, ಕ್ಯಾಶ್ ಇದ್ದೂ ಪ್ರಯೋಜನವಿಲ್ಲದಂತಾಗುತ್ತದೆ. ‘ವೇರಿ: *’ ಎಂದರೆ ಕ್ಯಾಶ್ ಬೇಡ ಎಂದಂತೆಯೇ.

ಕೆಲವು ಸಿಡಿಎನ್‌ಗಳು ಅಕ್ಸೆಪ್ಟ್-ಎನ್‌ಕೋಡಿಂಗ್ ಬಿಟ್ಟು ಬೇರೆ ಯಾವ ವೇರಿಯನ್ನೂ ಪರಿಗಣಿಸುವುದಿಲ್ಲ. ದುಡ್ಡು ಕಟ್ಟುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಹಾಗಾದರೆ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ವಿಳಾಸ ಕೊಡುವುದೇ ಒಳ್ಳೆಯದಲ್ಲವೇ?

ಹೌದು. ಭಾಷೆಯ ಮಟ್ಟಿಗೆ ನಮ್ಮ ಸಲಹೆ ಅದೇ. ‘/ಕೆಎನ್/ದರ’, ‘/ಇಎನ್/ದರ’ ಎಂದು ಬೇರೆ ವಿಳಾಸ ಕೊಡಿ, ನೆಗೋಷಿಯೇಷನ್ ಅನ್ನು ಸೈಟಿನ ಮೊದಲ ಬಾಗಿಲಾದ ‘/’ಗೆ ಮಾತ್ರ ಇಟ್ಟುಕೊಳ್ಳಿ.

ಮೂಡಿಗೆರೆಯ ಬೆಳೆಗಾರರೊಬ್ಬರು ಕನ್ನಡದ ದರ ಪುಟವನ್ನು ವಾಟ್ಸ್ಆ್ಯಪ್‌ನಲ್ಲಿ ಅಣ್ಣನಿಗೆ ಕಳಿಸಿದರು ಎನ್ನಿ. ಅಣ್ಣನ ಫೋನು ಇಂಗ್ಲಿಷಿನಲ್ಲಿದ್ದರೂ ಕೊಂಡಿ ಒತ್ತಿದಾಗ ತಮ್ಮ ನೋಡಿದ ಪುಟವೇ ಬರಬೇಕು. ವಿಳಾಸ ಒಂದೇ ಆಗಿದ್ದರೆ ಹಾಗಾಗುವುದಿಲ್ಲ. ಗೂಗಲ್‌ನ ಕ್ರಾಲರ್ (ಹುಡುಕಾಟಕ್ಕಾಗಿ ಪುಟಗಳನ್ನು ಓದಿಕೊಂಡು ಹೋಗುವ ಪ್ರೋಗ್ರಾಮು) ಕೂಡ ಅಕ್ಸೆಪ್ಟ್-ಲ್ಯಾಂಗ್ವೇಜ್ ಕಳಿಸದೆಯೇ ಪುಟ ಕೇಳುತ್ತದೆ. ಒಂದೇ ವಿಳಾಸವಿದ್ದು ಡೀಫಾಲ್ಟ್ ಇಂಗ್ಲಿಷಾದರೆ, ನೀವು ಕಷ್ಟಪಟ್ಟು ಬರೆದ ಕನ್ನಡ ಪುಟ ಹುಡುಕಾಟದಲ್ಲಿ ಕಾಣಿಸುವುದೇ ಇಲ್ಲ. ಬೇರೆ ವಿಳಾಸ ಕೊಟ್ಟು, ಎರಡೂ ಪುಟಗಳಲ್ಲಿ, ಬೇರೆ ಭಾಷೆಯ ಪ್ರತಿ ಎಲ್ಲಿದೆ ಎಂದು ಗೂಗಲ್‌ಗೆ ತಿಳಿಸಲು, ಒಂದಕ್ಕೊಂದು ‘ಎಚ್‌ರೆಫ್‌ಲ್ಯಾಂಗ್’ ಕೊಂಡಿ ಹಾಕಿ. ‘/’ಗೆ ‘ಎಕ್ಸ್-ಡೀಫಾಲ್ಟ್’ ಎಂದು ಕೊಡಿ. ಕೊಂಡಿ ಒಂದು ಕಡೆ ಮಾತ್ರ ಇದ್ದರೆ ಅದನ್ನು ಪರಿಗಣಿಸುವುದಿಲ್ಲ.

‘/’ಯಿಂದ ಕಳಿಸುವಾಗ 302 (ತಾತ್ಕಾಲಿಕವಾಗಿ ಬೇರೆ ವಿಳಾಸಕ್ಕೆ ಹೋಗು ಎನ್ನುವ ಉತ್ತರ) ಬಳಸಿ, 301 ಬೇಡ. 301 ಅನ್ನು ಬ್ರೌಸರು ಶಾಶ್ವತ ಎಂದು ನೆನಪಿಟ್ಟುಕೊಳ್ಳುತ್ತದೆ. ನಾಳೆ ಓದುಗರು ಭಾಷೆ ಬದಲಿಸಿದರೂ ಹಳೆಯ ಕಡೆಗೇ ಓಡುತ್ತದೆ. ಈ 302 ಉತ್ತರಕ್ಕೆ ‘ವೇರಿ: ಅಕ್ಸೆಪ್ಟ್-ಲ್ಯಾಂಗ್ವೇಜ್, ಕುಕ್ಕಿ’ ಇರಲಿ. ಒಳಪುಟಕ್ಕೆ ಬಂದವರನ್ನು ಮಾತ್ರ ಎಂದೂ ಬೇರೆ ಭಾಷೆಗೆ ತಳ್ಳಬೇಡಿ.

ಐಪಿ ವಿಳಾಸ ನೋಡಿ, ಕರ್ನಾಟಕದವರಿಗೆ ಕನ್ನಡ ಕೊಡಬಹುದೇ?

ಬೇಡ. ಜಾಗ ಬೇರೆ, ಭಾಷೆ ಬೇರೆ. ಮುಳ್ಳಯ್ಯನಗಿರಿಗೆ ಬಂದ ಕೇರಳದವರಿಗೂ ನಿಮ್ಮ ಹೋಂಸ್ಟೇ ಬೇಕು. ಮೇಲಾಗಿ ಮೊಬೈಲ್ ಕಂಪನಿಯ ಗೇಟ್‌ವೇ ಹೊರರಾಜ್ಯದಲ್ಲಿದ್ದರೆ ಬಾಳೆಹೊನ್ನೂರಿನಲ್ಲಿ ಕೂತವರೂ ಹೊರಗಿನವರಾಗಿ ಕಾಣಬಹುದು.

ಕನ್ನಡ ಪುಟ ಇಂಗ್ಲಿಷಿಗಿಂತ ಭಾರವೇ? ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ಕಡೆ ಏನು ಮಾಡಬಹುದು?

ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಅದರಲ್ಲೂ ‘ಕ್ಷಿ’ ಎಂಬ ಒಂದು ಅಕ್ಷರದಲ್ಲಿ ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ಗುಣಿತ ಸೇರಿ 4 ಸಂಕೇತ, ಅಂದರೆ 12 ಬೈಟ್. ಆದರೆ ಈ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಬದಲಾಗುವುದು ಹೆಚ್ಚಾಗಿ ಮೂರನೆಯದು ಮಾತ್ರ. ಇಷ್ಟೊಂದು ಪುನರಾವರ್ತನೆ ಇರುವುದರಿಂದ ಜಿಜಿಪ್, ಬ್ರಾಟ್ಲಿಗಳು ಕನ್ನಡ ಪಠ್ಯವನ್ನು ಬಹಳ ಚೆನ್ನಾಗಿ ಕುಗ್ಗಿಸುತ್ತವೆ. ಕನ್ನಡ ಸೈಟಿನಲ್ಲಿ ಕುಗ್ಗಿಸುವಿಕೆ ಆನ್ ಮಾಡದಿರುವುದು ಓದುಗರ ಡೇಟಾ ಸುಮ್ಮನೆ ಸುಟ್ಟ ಹಾಗೆ.

ಎಂಜಿನ್‌ಎಕ್ಸ್‌ನಲ್ಲಿ ‘ಜಿಜಿಪ್ ಆನ್’ ಎಂದರೆ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. ಸಿಎಸ್ಎಸ್, ಜಾವಾಸ್ಕ್ರಿಪ್ಟ್, ಜೇಸನ್, ಎಸ್‌ವಿಜಿಗಳನ್ನು ‘ಜಿಜಿಪ್_ಟೈಪ್ಸ್’‌ಗೆ ಸೇರಿಸಬೇಕು. ‘ಜಿಜಿಪ್_ವೇರಿ’ ಕೂಡ ತಾನಾಗಿ ಆನ್ ಇರುವುದಿಲ್ಲ, ನೀವೇ ಆನ್ ಮಾಡಬೇಕು. ಜೇಪೆಗ್, ವೆಬ್‌ಪಿ, ವಾಫ್2 ಫಾಂಟ್‌ಗಳನ್ನು ಮತ್ತೆ ಕುಗ್ಗಿಸಬೇಡಿ, ಅವು ಆಗಲೇ ಕುಗ್ಗಿರುತ್ತವೆ. ಬ್ರಾಟ್ಲಿಯನ್ನು ಬ್ರೌಸರುಗಳು ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಕೇಳುತ್ತವೆ. ಬ್ರಾಟ್ಲಿ ಹಾಕಿಯೂ ಬರುತ್ತಿಲ್ಲ ಎನ್ನುವವರು ಮೊದಲು ಇದನ್ನು ನೋಡಿ.

ಡೇಟಾ ಸೇವರ್ ಆನ್ ಮಾಡಿದ ಕೆಲವು ಬ್ರೌಸರುಗಳು ‘ಸೇವ್-ಡೇಟಾ: ಆನ್’ ಎಂಬ ಹೆಡರ್ ಕಳಿಸುತ್ತವೆ. ಅದು ಬಂದರೆ ಚಿಕ್ಕ ಚಿತ್ರ ಕೊಡಿ, ಸ್ಲೈಡ್‌ಶೋ ಬಿಡಿ. ವೇರಿಗೆ ಅದನ್ನೂ ಸೇರಿಸಿ.

ತೋಟದ ಫೋಟೊಗಳನ್ನು ವೆಬ್‌ಪಿ, ಎವಿಫ್ ರೂಪದಲ್ಲಿ ಕೊಡುವುದು ಹೇಗೆ?

ಚಿತ್ರ ಕೇಳುವಾಗ ಬ್ರೌಸರು ಅಕ್ಸೆಪ್ಟ್ ಹೆಡರ್‌ನಲ್ಲಿ ‘ಇಮೇಜ್/ಎವಿಫ್, ಇಮೇಜ್/ವೆಬ್‌ಪಿ’ ಎಂದು ಹೇಳುತ್ತದೆ. ‘ತೋಟ.ಜೆಪಿಜಿ’ ಪಕ್ಕದಲ್ಲೇ ‘ತೋಟ.ಜೆಪಿಜಿ.ವೆಬ್‌ಪಿ’ ಇಟ್ಟು, ಮ್ಯಾಪ್ ಮತ್ತು ‘ಟ್ರೈ_ಫೈಲ್ಸ್’ ಬಳಸಿ ಇದ್ದರೆ ಅದು, ಇಲ್ಲದಿದ್ದರೆ ಜೇಪೆಗ್ ಎಂದು ಕೊಡಬಹುದು. ಹೆಸರಿನ ಕೊನೆಯಲ್ಲಿ ವೆಬ್‌ಪಿ ಇರಲೇಬೇಕು, ಸರ್ವರು ಬಾಲ ನೋಡಿ ಕಂಟೆಂಟ್-ಟೈಪ್ ಬರೆಯುತ್ತದೆ.

‘ವೇರಿ: ಅಕ್ಸೆಪ್ಟ್’ ಅನ್ನು ಜೇಪೆಗ್ ಉತ್ತರಕ್ಕೂ ಹಾಕಬೇಕು. ಅಪಾಚೆಯ ರೀರೈಟ್ ನಿಯಮದಲ್ಲಿ ಷರತ್ತು ಹೊಂದಿದಾಗ ಮಾತ್ರ ಅಪಾಚೆ ವೇರಿ ಸೇರಿಸುತ್ತದೆ. ಹೊಂದದಿದ್ದಾಗ ಹೋದ ಜೇಪೆಗ್‌ಗೆ ವೇರಿ ಇರುವುದಿಲ್ಲ, ಕ್ಯಾಶ್ ಅದನ್ನೇ ಎಲ್ಲರಿಗೂ ಹಂಚುತ್ತದೆ. ಸಣ್ಣ ಸೈಟಿಗೆ ಇಷ್ಟೆಲ್ಲ ತಾಪತ್ರಯ ಬೇಕಿಲ್ಲ. ಎಚ್‌ಟಿಎಂಎಲ್‌ನ ‘ಪಿಕ್ಚರ್’ ಟ್ಯಾಗ್‌ನಲ್ಲಿ ಮೂರೂ ಫೈಲಿನ ವಿಳಾಸ ಬರೆದರೆ ಬ್ರೌಸರೇ ಆರಿಸಿಕೊಳ್ಳುತ್ತದೆ, ಸರ್ವರು, ವೇರಿ ಯಾವುದರ ಗೊಡವೆಯೂ ಇಲ್ಲ.

ಹಳೆಯ ನುಡಿ, ಬರಹ ಫಾಂಟಿನ ಪುಟಗಳಿವೆ. ಚಾರ್‌ಸೆಟ್ ಬದಲಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಆ ಹಳೆಯ ಫಾಂಟುಗಳಲ್ಲಿ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ, ಪಠ್ಯವನ್ನೇ ಯುನಿಕೋಡ್‌ಗೆ ಪರಿವರ್ತಿಸಬೇಕು. ಯುನಿಕೋಡ್ ಪುಟದಲ್ಲೂ ಒಂದೊಂದು ಅಕ್ಷರದ ಜಾಗದಲ್ಲಿ ಮೂರು ಮೂರು ವಿಚಿತ್ರ ಲ್ಯಾಟಿನ್ ಗುರುತು ಕಂಡರೆ, ಸರ್ವರು ಕಂಟೆಂಟ್-ಟೈಪ್‌ನಲ್ಲಿ ಐಎಸ್ಒ-8859-1 ಎಂದು ಹೇಳುತ್ತಿದೆ. ಪುಟದೊಳಗಿನ ಮೆಟಾ ಟ್ಯಾಗ್‌ಗಿಂತ ಹೆಡರ್ ಮಾತೇ ನಡೆಯುತ್ತದೆ. ‘ಆ್ಯಡ್‌ಡೀಫಾಲ್ಟ್‌ಚಾರ್‌ಸೆಟ್ ಯುಟಿಎಫ್-8’ ಎಂದು ಹಾಕಿ.

ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಬ್ರೌಸರಿನಲ್ಲಿ ನೋಡಿದರೆ ಅದರದೇ ಕ್ಯಾಶ್ ದಾರಿ ತಪ್ಪಿಸುತ್ತದೆ. ‘ಕರ್ಲ್’ ಎಂಬ ಆಜ್ಞೆ ಬಳಸಿ. ದೊಡ್ಡ ಎಚ್ ಆಯ್ಕೆಯಿಂದ ಹೆಡರ್ ಕಳಿಸಬಹುದು, ದೊಡ್ಡ ಡಿ ಆಯ್ಕೆ ಮತ್ತು ಒಂದು ಅಡ್ಡಗೆರೆಯಿಂದ ಉತ್ತರದ ಹೆಡರ್ ನೋಡಬಹುದು, ಸಣ್ಣ ಒ ಆಯ್ಕೆಯಿಂದ ಪುಟದ ಒಡಲನ್ನು ಬೇರೆ ಫೈಲಿಗೆ ಕಳಿಸಿ ಪಕ್ಕಕ್ಕಿಡಬಹುದು. ದೊಡ್ಡ ಐ ಆಯ್ಕೆ ಸುಲಭದ ದಾರಿಯಾಗಿ ಕಂಡರೂ ಅದು ‘ಹೆಡ್’ ಬಗೆಯ ಕೋರಿಕೆ ಕಳಿಸುತ್ತದೆ. ಕೆಲವು ಪ್ರೋಗ್ರಾಮುಗಳು ಅದಕ್ಕೆ ಬೇರೆಯೇ ಉತ್ತರ ಕೊಡುತ್ತವೆ.

ಒಂದೇ ವಿಳಾಸವನ್ನು ಹೀಗೆ ಕೇಳಿ ನೋಡಿ: ಬರೀ ಕೆಎನ್, ಬರೀ ಇಎನ್, ಬರೀ ಎಫ್ಆರ್, ‘ಇಎನ್, ಕೆಎನ್;ಕ್ಯೂ=0’, ಮತ್ತು ಭಾಷೆಯ ಹೆಡರೇ ಇಲ್ಲದೆ. ಪ್ರತಿ ಸಲವೂ ಸ್ಟೇಟಸ್ ಸಂಖ್ಯೆ, ಕಂಟೆಂಟ್-ಲ್ಯಾಂಗ್ವೇಜ್, ಕಂಟೆಂಟ್-ಟೈಪ್, ವೇರಿ ನೋಡಿ. ಅಪಾಚೆ ಆದರೆ ‘ಕಂಟೆಂಟ್-ಲೊಕೇಷನ್’‌ನಲ್ಲಿ ಯಾವ ಫೈಲು ಆರಿಸಿತು ಎಂಬುದೇ ಬರೆದಿರುತ್ತದೆ. ಸಿಡಿಎನ್ ಇದ್ದರೆ ಕೆಎನ್ ಕೇಳಿದ ತಕ್ಷಣ ಇಎನ್ ಕೇಳಿ, ಆಮೇಲೆ ಕ್ರಮ ತಿರುಗಿಸಿ ಕೇಳಿ. ಎರಡನೇ ಉತ್ತರ ಮೊದಲಿನದೇ ಆಗಿದ್ದರೆ ವೇರಿ ಕೆಲಸ ಮಾಡುತ್ತಿಲ್ಲ.

ನಮ್ಮದು ಅಗ್ಗದ ಶೇರ್ಡ್ ಹೋಸ್ಟಿಂಗ್. ಎಚ್‌ಟಿಆಕ್ಸೆಸ್ ಬಿಟ್ಟರೆ ಬೇರೇನೂ ಮುಟ್ಟುವಂತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊದಲು ಆ ಫೈಲಿನ ನಕಲು ತೆಗೆದಿಟ್ಟುಕೊಳ್ಳಿ. ಯುಟಿಎಫ್-8 ಸಾಲು ಹಾಕಿ. ಆಮೇಲೆ ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್, ಜೇಸನ್‌ಗಳಿಗೆ ‘ಡಿಫ್ಲೇಟ್’ ಎಂಬ ಕುಗ್ಗಿಸುವಿಕೆ ಹಾಕಿ, ಅಪಾಚೆಯ ಈ ಮಾಡ್ಯೂಲು ವೇರಿಯನ್ನು ತಾನೇ ಸೇರಿಸುತ್ತದೆ. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಫೋಲ್ಡರ್ ಮಾಡಿ, ಪ್ರತಿ ಪುಟದ ತಲೆಯಲ್ಲಿ ಎರಡೂ ಭಾಷೆಯ ಕೊಂಡಿ ಇಡಿ. ಭಾಷೆ ಆರಿಸುವ 302 ನಿಯಮ ಕೊನೆಗೆ, ಅದೂ ‘/’ ಒಂದಕ್ಕೇ. ಒಂದೊಂದು ಸಾಲು ಹಾಕಿದಾಗಲೂ ಕರ್ಲ್‌ನಿಂದ ನೋಡಿ. 500 ಬಂದರೆ ಕೊನೆಗೆ ಹಾಕಿದ ಸಾಲನ್ನು ತೆಗೆದು, ಆ ಸಾಲಿಗೆ ಬೇಕಾದ ಮಾಡ್ಯೂಲು ಮತ್ತು ಓವರ್‌ರೈಡ್ ಅನುಮತಿ ಇದೆಯೇ ಎಂದು ಹೋಸ್ಟಿಂಗ್‌ನವರನ್ನು ಕೇಳಿ.